ಬ್ಲಾಸ್ಟಿಂಗ್ ಫೋಟೋ ನೋಡಿ ನಂಬಿದೆ, 11 ಟನ್ ಮಾಲು ಹಾಳಾಯ್ತು. ನೀವು ನಂಬಬೇಡಿ

ಇದನ್ನ ಬರೀಬೇಕೋ ಬೇಡವೋ ಅಂತ ಮೂರು ವಾರ ಸುಮ್ಮನಿದ್ದೆ. ಹೇಳ್ಕೊಳ್ಳೋಕೆ ನಾಚಿಕೆ. 22 ವರ್ಷದಿಂದ ಪೀಣ್ಯದಲ್ಲಿ ಫ್ಯಾಬ್ರಿಕೇಷನ್ ಮಾಡ್ಕೊಂಡು ಬಂದೋನು ನಾನು, ಒಂದು ಫೋಟೋ ನೋಡಿ ಮೋಸ ಹೋದೆ ಅಂದ್ರೆ ಯಾರು ನಂಬ್ತಾರೆ? ಆದರೆ ನಿನ್ನೆ ಪಕ್ಕದ ಶೆಡ್ಡಿನ ಹುಡುಗ ನನಗೆ ಮೋಸ ಮಾಡಿದ ಅದೇ ಬ್ಲಾಸ್ಟಿಂಗ್ ಶೆಡ್ಡಿಗೆ ಮಾಲು ಲೋಡ್ ಮಾಡಿಸ್ತಿದ್ದ. (ಬ್ಲಾಸ್ಟಿಂಗ್ ಅಂದ್ರೆ ಗಾಳಿಯ ಒತ್ತಡದಲ್ಲಿ ಸಣ್ಣ ಕಾಳು ಹೊಡೆದು, ಬಣ್ಣಕ್ಕೆ ಮುಂಚೆ ಉಕ್ಕಿನ ಮೈ ಕ್ಲೀನ್ ಮಾಡೋದು.) "ರೇಟು ಚೆನ್ನಾಗಿದೆ ಅಣ್ಣ" ಅಂದ. ಅದನ್ನ ಕೇಳಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ.

ಕೆಲಸ ಏನು ಅಂದ್ರೆ, ಮಂಗಳೂರು ಬೈಕಂಪಾಡಿಯ ಒಂದು ಫ್ಯಾಕ್ಟರಿಗೆ ಪೈಪ್ ರ್‍ಯಾಕು, ಪ್ಲಾಟ್‌ಫಾರಮ್ಮು, ಮೆಟ್ಟಿಲು. ಒಟ್ಟು 11 ಟನ್ ಚಿಲ್ಲರೆ. ಸಮುದ್ರ ಅಲ್ಲೇ ಪಕ್ಕ, ಉಪ್ಪಿನ ಗಾಳಿ, ಜೂನ್ ಬಂದ್ರೆ ಬಿಡದ ಮಳೆ. ಅದಕ್ಕೇ ಪಾರ್ಟಿ ಬಹಳ ಸ್ಪಷ್ಟವಾಗಿ ಬರೆದಿದ್ರು: ಬ್ಲಾಸ್ಟಿಂಗ್ ಎಸ್‌ಎ 2½ (ಉಕ್ಕಿನ ಮೈ ಹೆಚ್ಚುಕಮ್ಮಿ ಪೂರ್ತಿ ಬೆಳ್ಳಗಾಗೋ ಮಟ್ಟ), ಆಮೇಲೆ ಮೊದಲ ಕೋಟು ಜಿಂಕ್ ರಿಚ್ ಎಪಾಕ್ಸಿ ಪ್ರೈಮರ್ 60 ಮೈಕ್ರಾನ್ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಅದರ ಮೇಲೆ ನಡುವಿನ ಕೋಟು ಎಂಐಒ 120, ಕೊನೆಗೆ ಮೇಲಿನ ಕೋಟು ಪಿಯು (ಪಾಲಿಯುರೆಥೇನ್) 60. ಈ ಲೈನಲ್ಲಿ ಇರೋರಿಗೆ ಇದರಲ್ಲಿ ಹೊಸದೇನೂ ಇಲ್ಲ. ಬ್ಲಾಸ್ಟಿಂಗ್ ಸರಿ ಇಲ್ಲದಿದ್ರೆ ಮೇಲಿನ 240 ಮೈಕ್ರಾನು ಬರೀ ಬಣ್ಣ ಬಳಿದ ಹಾಗೆ, ಅಷ್ಟೇ.

ನಮ್ಮ ಹತ್ರ ಬ್ಲಾಸ್ಟಿಂಗ್ ಇಲ್ಲ, ಹೊರಗೆ ಜಾಬ್ ವರ್ಕ್ ಕೊಡ್ತೀವಿ. ಮಾಮೂಲಿ ಕೊಡೋ ಕಡೆ ಆ ವಾರ ಪೂರ್ತಿ ಬುಕ್ ಆಗಿತ್ತು. ಯಾರೋ ನೆಲಮಂಗಲದ ಕಡೆ ಇನ್ನೊಬ್ಬರ ನಂಬರ್ ಕೊಟ್ರು. ಚದರ ಮೀಟರಿಗೆ ಬೇರೆಯವರಿಗಿಂತ 40 ರೂಪಾಯಿ ಕಮ್ಮಿ ಹೇಳಿದ. ನಮ್ಮದು ಹತ್ತಿರ ಹತ್ತಿರ 270 ಚದರ ಮೀಟರ್. ಲೆಕ್ಕ ಹಾಕಿ, 10,800 ರೂಪಾಯಿ ಉಳಿಯಿತು ಅಂದ್ಕೊಂಡೆ. ಆ 10,800 ಈಗಲೂ ತಲೆಯಲ್ಲಿ ಕೊರೀತಾ ಇದೆ.

ಶೆಡ್ಡಿಗೆ ಹೋಗಿ ನೋಡಿದ್ದೆ. ನೋಡದೇ ಕೊಟ್ಟೆ ಅಂತ ಯಾರೂ ಅಂದ್ಕೋಬೇಡಿ. ಒಂದು ಕಾಂಪ್ರೆಸರು, ಒಂದು ಹಾಪರ್, ಒಂದು ನಾಝಲ್, ಮೂರು ಕಡೆ ತಗಡು ಹೊಡೆದ ರೂಮು. ಶಾಟು (ಗುಂಡನೆ ಕಾಳು) ಗ್ರಿಟ್ಟು (ಚೂಪು ಕಾಳು) ಎರಡೂ ಮಿಕ್ಸ್ ಮಾಡಿ ಹಾಕ್ತೀವಿ ಅಂದ, ಚೀಲ ತೋರಿಸಿದ. ಮುಂದೇನೇ ಒಂದು ತುಂಡು ಪ್ಲೇಟ್ ಹೊಡೆದು ತೋರಿಸಿದ, ಬೂದಿ ಬಳಿದ ಹಾಗೆ ಬೆಳ್ಳಗೆ, ಕೈಗೆ ತರಿತರಿ. ಒಳ್ಳೇ ಕೆಲಸವೇ. ಮಾಡೋಕೆ ಬರುತ್ತೆ ಅವನಿಗೆ, ಅದೇ ಹೊಟ್ಟೆ ಉರಿಯೋದು. ಬರದೇ ಇದ್ದಿದ್ದರೆ ಅಯ್ಯೋ ಪಾಪ ಅನ್ನಬಹುದಿತ್ತು.

ನಾನು ಒಂದೇ ಮಾತು ಹೇಳಿದ್ದೆ. ಮೂರು ಸಲ ಹೇಳಿದ್ದೆ. "ಪ್ರೈಮರ್ ಹೊಡೆಯೋಕೆ ಮುಂಚೆ ಫೋನ್ ಮಾಡಿ, ಎಷ್ಟೇ ಹೊತ್ತಾಗಲಿ ಬಂದು ನೋಡ್ತೀನಿ." "ಆಯ್ತು ಸಾರ್, ನೀವು ನೋಡದೇ ಮುಟ್ಟಲ್ಲ ಸಾರ್" ಅಂದ.

ಅವತ್ತೇ ಇನ್ನೊಂದು ಮಾತೂ ಅಂದಿದ್ದ. ಅದನ್ನ ಕೇಳಿದಾಗಲೇ ನನಗೆ ಎಚ್ಚರ ಆಗಬೇಕಿತ್ತು. "ಹೊಸ ಮಾಲು ಸಾರ್, ಎಲ್ಲೂ ತುಕ್ಕೇ ಇಲ್ಲ, ಇದಕ್ಕೆ ಇಷ್ಟೊಂದು ಯಾಕೆ?" ಮೇಲಿಂದ ಬಿಟ್ಟ ಮಾತು ಅಂದ್ಕೊಂಡು ಸುಮ್ಮನಾದೆ. ಆದರೆ ಹೊಸ ಮಾಲಿಗೇ ಸ್ವಾಮಿ ಬ್ಲಾಸ್ಟಿಂಗ್ ಬೇಕಾಗೋದು! ರೋಲಿಂಗ್ ಮಿಲ್ಲಿಂದ ಬಿಸಿಬಿಸಿ ಬರುವಾಗ ಉಕ್ಕಿನ ಮೈಮೇಲೆ ನೀಲಿ ಕಪ್ಪಿನ ಒಂದು ಪದರ ಕೂತಿರುತ್ತೆ, ಮಿಲ್ ಸ್ಕೇಲ್. ನೋಡೋಕೆ ನುಣ್ಣಗೆ, ಗಟ್ಟಿಯಾಗಿ ಕಾಣುತ್ತೆ. ಗಾಜಿನ ಥರ ಬಿರುಕು ಬಿಡುತ್ತೆ. ಬಿರುಕಲ್ಲಿ ಉಪ್ಪುನೀರು ಇಳೀತು ಅಂದ್ರೆ ಆ ಪದರ ಹಾಗೇ ಇರುತ್ತೆ, ಕೆಳಗಿನ ಉಕ್ಕನ್ನ ತಿನ್ನಿಸುತ್ತೆ. ಉಕ್ಕಿನ ಮೈ ಎಷ್ಟು ಕ್ಲೀನ್ ಅಂತ ಫೋಟೋ ಹಾಕಿ ತೋರಿಸೋ ಐಎಸ್‌ಒ 8501-1 ಪುಸ್ತಕದಲ್ಲಿ ಗ್ರೇಡ್ ಎ ಅಂತ ಇರೋದು ಇದೇ, ತುಕ್ಕು ಹೆಚ್ಚುಕಮ್ಮಿ ಇಲ್ಲ, ಮೈಯೆಲ್ಲಾ ಸ್ಕೇಲು. ವೈರ್ ಬ್ರಷ್ಷಿಗೆ ಬಗ್ಗೋದಲ್ಲ ಅದು. ಬ್ರಷ್ ತಿಕ್ಕಿದ್ರೆ ಇನ್ನೂ ಪಾಲಿಶ್ ಆಗುತ್ತೆ.

ಜನವರಿಯಲ್ಲಿ ಒಂದು ಬುಧವಾರ ಬೆಳಿಗ್ಗೆ 9ಕ್ಕೆ ಮಾಲು ಇಳೀತು. ಸಂಜೆ 4.40ಕ್ಕೆ ವಾಟ್ಸಾಪ್‌ನಲ್ಲಿ ಫೋಟೋ ಬಂತು. ಬೆಳ್ಳಗೆ ಬ್ಲಾಸ್ಟ್ ಆದ ಗಸೆಟ್ ಪ್ಲೇಟು (ಜಾಯಿಂಟಿಗೆ ಹಾಕೋ ಪ್ಲೇಟು), ಪಕ್ಕದಲ್ಲಿ ಕಂಪ್ಯಾರೇಟರ್ (ಮೈಯ ತರಿ ಹೋಲಿಸಿ ನೋಡೋ ಬಿಲ್ಲೆ) ಇಟ್ಟು ತೆಗೆದಿದ್ದು. "ಮುಕ್ಕಾಲು ಭಾಗ ಆಯ್ತು ಸಾರ್." ನಾನು ಖುಷಿಯಾಗಿ ಅದನ್ನೇ ಮಂಗಳೂರಿನ ಇಂಜಿನಿಯರಿಗೆ ಕಳಿಸಿದೆ. ಕೆಳಗೆ ನನ್ನ ಕೈಯಾರೆ ಬರೆದೆ, "ಬ್ಲಾಸ್ಟಿಂಗ್ ನಡೀತಿದೆ ಸರ್, ಎಸ್‌ಎ 2½."

ರಾತ್ರಿ ಫೋನ್ ಬರಲಿಲ್ಲ. ನಾನು ಮಾಡಿದ್ರೆ ಎತ್ತಲಿಲ್ಲ. ಬೆಳಿಗ್ಗೆ ಏಳೂವರೆಗೆ ಹೋದೆ. ಗೇಟಿಂದಲೇ ಥಿನ್ನರ್ ವಾಸನೆ. ಒಳಗೆ ಹೋದ್ರೆ 11 ಟನ್ನೂ ಬೂದು ಬಣ್ಣ. ಒಂದೇ ಒಂದು ಪೀಸು ಬಿಟ್ಟಿಲ್ಲ. ಎಲ್ಲಾ ಪ್ರೈಮರ್ ಹೊಡೆದು ಮುಗಿಸಿದ್ದ.

ಕೂಗಾಡಿದೆ. ಅವನು ಗಾಬರಿಯೇ ಆಗಲಿಲ್ಲ. "ಸಾರ್, ನಾಲ್ಕು ಗಂಟೆ ರೂಲು ನಿಮಗೇ ಗೊತ್ತಲ್ಲ? ಬ್ಲಾಸ್ಟ್ ಆದ ಮೇಲೆ ಬಿಟ್ರೆ ತುಕ್ಕು ಹಿಡಿಯುತ್ತೆ. ನಿಮ್ಮ ಮಾಲು ಹಾಳಾಗಬಾರದು ಅಂತ ನಾವು ರಾತ್ರಿಯೆಲ್ಲಾ ನಿದ್ದೆಗೆಟ್ಟು ಹೊಡೆದ್ವಿ ಸಾರ್."

ಇಲ್ಲೇ ನಾನು ಕೆಟ್ಟಿದ್ದು. ಅವನು ಹೇಳಿದ್ದು ನಿಜವಾದ ಮಾತೇ. ಬ್ಲಾಸ್ಟ್ ಆದ ಉಕ್ಕನ್ನ ಬರಿಮೈಯಲ್ಲಿ ಬಿಡಬಾರದು, ನಾಲ್ಕು ಗಂಟೆ ಒಳಗೆ ಪ್ರೈಮರ್ ಬೀಳಬೇಕು ಅಂತ ನಾವೇ ನಮ್ಮ ಹುಡುಗರಿಗೆ ಹೇಳಿಕೊಡ್ತೀವಿ. ಅದೇ ಮಾತನ್ನ ನನ್ನ ಬಾಯಿ ಮುಚ್ಚೋಕೆ ಉಪಯೋಗಿಸಿದ. ನಾನೂ ತಲೆ ಆಡಿಸಿಬಿಟ್ಟೆ. ಅದೇ ರೂಲಿನ ಇನ್ನೊಂದರ್ಧ ಆ ಕ್ಷಣಕ್ಕೆ ನನಗೆ ಹೊಳೀಲೇ ಇಲ್ಲ. ಉಕ್ಕಿನ ಬಿಸಿ ಇಬ್ಬನಿ ಕಟ್ಟೋ ಬಿಸಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು, ಗಾಳಿಯ ತೇವ 85 ಪರ್ಸೆಂಟ್ ದಾಟಬಾರದು. ಜನವರಿ ರಾತ್ರಿ, ಒಂದು ಕಡೆ ತೆರೆದ ಶೆಡ್ಡು, ಮಧ್ಯರಾತ್ರಿ ಕಬ್ಬಿಣ ಮುಟ್ಟಿದ್ರೆ ಕೈ ಒದ್ದೆ ಆಗುತ್ತೆ. ಅಲ್ಲಿ ಹೇಗಪ್ಪಾ ಹೊಡೆದೆ ಅಂತ ಕೇಳಬೇಕಿತ್ತು. ಕೇಳಲಿಲ್ಲ.

ಡಿಎಫ್‌ಟಿ ಮೀಟರ್ ಇಟ್ಟು ನೋಡಿದೆ. 62, 70, 66. ಸರಿಯಾಗೇ ಬಂತು. ಆ ಮೀಟರು ಬಣ್ಣ ಎಷ್ಟು ದಪ್ಪ ಅಂತ ಹೇಳುತ್ತೆ, ಬಣ್ಣದ ಅಡಿಯಲ್ಲಿ ಏನಿದೆ ಅಂತ ಹೇಳಲ್ಲ. ಹೊರಗೆ ಲಾರಿ ನಿಂತಿತ್ತು, ಕ್ರೇನಿಗೆ ಗಂಟೆ ಲೆಕ್ಕದಲ್ಲಿ ದುಡ್ಡು. ಒಂದು ರಿಪೋರ್ಟ್ ಕೊಟ್ಟ, ಪ್ರೊಫೈಲ್ (ಬ್ಲಾಸ್ಟ್ ಆದ ಮೈಯ ತರಿ ಎಷ್ಟು ಆಳ ಅನ್ನೋದು) ಹತ್ತು ಜಾಗದಲ್ಲಿ ಚೆಕ್ ಮಾಡಿದ್ದು ಅಂತ. ಹತ್ತೂ ಕಡೆ 65 ಮೈಕ್ರಾನ್. ಹತ್ತೂ ಕಡೆ! ಬ್ಲಾಸ್ಟ್ ಆದ ಮೈಯಲ್ಲಿ ಒಂದೇ ಪ್ಲೇಟಿನ ಎರಡು ಮೂಲೆ ಒಂದೇ ರೀಡಿಂಗ್ ಕೊಡೋದು ಅಪರೂಪ. ಅದನ್ನೂ ನೋಡಿದೆ, ಫೈಲಿಗೆ ಹಾಕಿದೆ. ಚಲನ್‌ಗೆ ಸೈನ್ ಮಾಡಿದೆ. ದುಡ್ಡೂ ಪೂರ್ತಿ ಕೊಟ್ಟೆ.

ಆಗಸ್ಟಿನಲ್ಲಿ ಮಂಗಳೂರಿಂದ ಫೋನು. "ನೀವೊಮ್ಮೆ ಬಂದು ಹೋಗಿ" ಅಂತ ಅಷ್ಟೇ ಹೇಳಿದ್ರು. ಹೋದೆ. ಮಳೆ ಸ್ವಲ್ಪ ಬಿಟ್ಟಿತ್ತು. ಇಂಜಿನಿಯರು ಏನೂ ಮಾತಾಡದೆ ಜೇಬಿಂದ ಪೆನ್ ನೈಫ್ ತೆಗೆದು ಬೀಮಿನ ಕೆಳಗಡೆ ಉಬ್ಬಿದ್ದ ಜಾಗಕ್ಕೆ ಚುಚ್ಚಿದ್ರು. ಅಂಗೈ ಅಗಲದ ಚಕ್ಕೆ ಉದುರಿ ಅವರ ಕೈಗೇ ಬಂತು. ತಿರುಗಿಸಿ ನನಗೆ ತೋರಿಸಿದ್ರು. ಚಕ್ಕೆಯ ಹಿಂಭಾಗ ನೀಲಿ ಕಪ್ಪು, ಮಿರಿಮಿರಿ ಮಿಂಚ್ತಾ ಇತ್ತು.

"ಇದೆಂಥದು ಮಾರಾಯ್ರೇ? ಇದು ಬ್ಲಾಸ್ಟಿಂಗ್ ಮಾಡಿದ್ದು ಹೌದಾ?"

ನನಗೆ ಉತ್ತರ ಬರಲಿಲ್ಲ. ಮಿಲ್ ಸ್ಕೇಲು ಬಣ್ಣದ ಜೊತೆಗೇ ಎದ್ದು ಬಂದಿತ್ತು. ಒಂದು ಸಲ ಸರಿಯಾಗಿ ಬ್ಲಾಸ್ಟ್ ಆಗಿದ್ರೆ ಅಲ್ಲಿ ಸ್ಕೇಲು ಇರೋಕೆ ಸಾಧ್ಯವೇ ಇಲ್ಲ. ಬೇರೆ ಸಾಕ್ಷಿ ಏನು ಬೇಕು? ಅವರ ಕೆಳಗಿನ ಇಬ್ಬರು ಹುಡುಗರು ನಿಂತು ನೋಡ್ತಿದ್ರು. ಆ ಹೊತ್ತು ನಾನು ಎಲ್ಲಿ ನೋಡಲಿ ಅಂತ ಗೊತ್ತಾಗದೆ ಬೂಟು ನೋಡ್ಕೊಂಡು ನಿಂತಿದ್ದೆ.

ವಾಪಸ್ ಬರುವಾಗ ರಾತ್ರಿ ಬಸ್ಸು. ನಿದ್ದೆ ಎಲ್ಲಿಂದ ಬರಬೇಕು. ಶಿರಾಡಿ ಘಾಟಿಯಲ್ಲಿ ಮೊಬೈಲ್ ತೆಗೆದು ಜನವರಿಯ ಫೋಟೋ ದೊಡ್ಡದು ಮಾಡಿ ನೋಡ್ತಾ ಕೂತೆ. ಪ್ಲೇಟು ಬೆಳ್ಳಗಿದೆಯಲ್ಲ, ಬ್ಲಾಸ್ಟ್ ಆಗಿದೆಯಲ್ಲ, ಮತ್ತೆ ಹೇಗೆ ಅಂತ. ಆಮೇಲೆ ತೂತು ಎಣಿಸಿದೆ. ಆರು.

ನಮ್ಮ ಜಾಬಲ್ಲಿ ಆರು ತೂತಿನ ಗಸೆಟ್ ಇಲ್ಲವೇ ಇಲ್ಲ. ಎಲ್ಲಾ ನಾಲ್ಕು ತೂತಿಂದು. ನಾನೇ ಮಾರ್ಕ್ ಮಾಡಿಸಿದ್ದು, ನಮ್ಮ ಹುಡುಗರೇ ಡ್ರಿಲ್ ಹೊಡೆದಿದ್ದು. ಮೂಲೆಯಲ್ಲಿ ಪಂಚ್ ಮಾಡಿದ ನಂಬರು 14. ನಮ್ಮ ಮಾರ್ಕಿಂಗ್ ಎಲ್ಲಾ ಪಿಆರ್ ಅಂತ ಶುರುವಾಗುತ್ತೆ. ಅದು ನಮ್ಮ ಮಾಲೇ ಅಲ್ಲ! ಯಾರದೋ ಪ್ಲೇಟಿನ ಫೋಟೋ ನನಗೆ ಕಳಿಸಿದ, ಅದನ್ನ ನಾನು ಎಸ್‌ಎ 2½ ಅಂತ ಬರೆದು ಪಾರ್ಟಿಗೆ ಕಳಿಸಿದೆ. ಸುಳ್ಳು ಹೇಳಿದ್ದು ಅವನು, ಅದಕ್ಕೆ ಸಹಿ ಹಾಕಿದ್ದು ನಾನು. ಬಸ್ಸಿನಲ್ಲಿ ಮೈಯೆಲ್ಲಾ ಬೆವರಿತು.

ಆ ರಾತ್ರಿಯೇ ಲೆಕ್ಕಾನೂ ಹಾಕಿದೆ, ಜನವರಿಯಲ್ಲಿ ಹಾಕಬೇಕಿದ್ದ ಲೆಕ್ಕ. ಒಂದು ನಾಝಲ್ಲಿಗೆ ಎಸ್‌ಎ 2½ ಅಂದ್ರೆ ಗಂಟೆಗೆ 10ರಿಂದ 12 ಚದರ ಮೀಟರ್ ಬಂದ್ರೆ ಒಳ್ಳೇ ಕೆಲಸ. 270 ಚದರ ಮೀಟರಿಗೆ ಬರೀ ನಾಝಲ್ ಹಿಡಿಯೋದೇ 22 ಗಂಟೆ ಮೇಲೆ. ಪೀಸು ತಿರುಗಿಸೋದು, ಗಾಳಿ ಹೊಡೆದು ಧೂಳು ತೆಗೆಯೋದು ಬೇರೆ. 9ಕ್ಕೆ ಇಳಿದ ಮಾಲು ಸಂಜೆ 4.40ಕ್ಕೆ ಮುಕ್ಕಾಲು ಭಾಗ ಹೇಗೆ ಮುಗೀತು?

ಬೆಳಿಗ್ಗೆ ಫೋನ್ ಮಾಡಿದೆ. ಅವನ ಉತ್ತರಗಳನ್ನ ಹಾಗೇ ಬರೀತೀನಿ, ನಿಮಗೂ ಇವೇ ಬರುತ್ತೆ.

ಮೊದಲು: "ಮಂಗಳೂರು ಗಾಳಿ ಸಾರ್, ಅಲ್ಲಿ ಯಾವ ಪೇಂಟೂ ನಿಲ್ಲಲ್ಲ." ಅಲ್ಲಿ ನಿಲ್ಲಲಿ ಅಂತಲೇ ನಿನಗೆ ದುಡ್ಡು ಕೊಟ್ಟಿದ್ದು.

ಆಮೇಲೆ: "ಪ್ರೈಮರ್ ನೀವೇ ಕೊಟ್ಟಿದ್ದು, ಪೇಂಟ್ ಕಂಪನಿಯವರನ್ನ ಕೇಳಿ." ಪೇಂಟು ಸ್ಕೇಲಿಗೆ ಗಟ್ಟಿಯಾಗೇ ಹಿಡಿದಿದೆ, ಸ್ಕೇಲು ಉಕ್ಕನ್ನ ಬಿಟ್ಟಿದೆ ಅಂದೆ. ಮಾತಿಲ್ಲ.

ಫೋಟೋದ ಆರು ತೂತಿನ ವಿಷಯ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಡುಗರು ಯಾವುದೋ ಕಳಿಸಿರ್ತಾರೆ ಸಾರ್, ಸ್ಯಾಂಪಲ್‌ಗೆ ಅಂತ." ಸ್ಯಾಂಪಲ್ಲಂತೆ.

ಕೊನೆಗೆ ದನಿ ಬದಲಾಯ್ತು. "ನೀವೇ ಬಂದು ನೋಡಿ, ಮೀಟರ್ ಇಟ್ಟು, ಚಲನ್‌ಗೆ ಸೈನ್ ಹಾಕಿ ತಗೊಂಡು ಹೋಗಿದ್ದೀರಿ. ಏಳು ತಿಂಗಳಾದ ಮೇಲೆ ಬಂದು ಕೇಳಿದ್ರೆ ನಾನೇನು ಮಾಡಲಿ?" ಅಲ್ಲಿಗೆ ಫೋನ್ ಕಟ್. ಆಮೇಲೆ ಕಳಿಸಿದ ಮೆಸೇಜಿಗೆಲ್ಲಾ ನೀಲಿ ಗೆರೆ ಬರುತ್ತೆ, ಉತ್ತರ ಬರಲ್ಲ.

ಫ್ಯಾಕ್ಟರಿ ಒಳಗೆ ಪಂಪು ಮೋಟರು ಓಡ್ತಾ ಇವೆ, ಅಲ್ಲಿ ಬ್ಲಾಸ್ಟಿಂಗ್ ಧೂಳು ಎಬ್ಬಿಸೋಕೆ ಬಿಡಲಿಲ್ಲ, ಬಿಡೋದೂ ತಪ್ಪೇ. ಬೋಲ್ಟ್ ಇರೋದನ್ನೆಲ್ಲಾ ಬಿಚ್ಚಿ ಎರಡು ಲಾರಿಯಲ್ಲಿ ವಾಪಸ್ ತಂದೆ. ವೆಲ್ಡ್ ಆಗಿರೋದಕ್ಕೆ ಅಲ್ಲೇ ಅಟ್ಟಣಿಗೆ ಕಟ್ಟಿ ಪವರ್ ಟೂಲ್‌ನಲ್ಲಿ ತಿಕ್ಕಿಸ್ತಾ ಇದ್ದೀನಿ. ಪಾರ್ಟಿ ಬಿಲ್ಲಿನಲ್ಲಿ 5 ಪರ್ಸೆಂಟ್ ಹಿಡಿದಿಟ್ಟಿದ್ದಾರೆ. ಎಲ್ಲಾ ಸೇರಿ ಮೂರೂವರೆ ಲಕ್ಷ ನನ್ನ ಕೈಯಿಂದ. 10,800 ಉಳಿಸೋಕೆ ಹೋಗಿ.

ಈ ಸಲ ಮಾಮೂಲಿ ಕಡೆಗೇ ಕೊಟ್ಟೆ, ಎರಡು ದಿನ ಅಲ್ಲೇ ಕುರ್ಚಿ ಹಾಕ್ಕೊಂಡು ಕೂತೆ. ಅಲ್ಲಿನ ಹಳೇ ಸೂಪರ್‌ವೈಸರ್ ಒಬ್ಬರು ತರಿಯ ಅಚ್ಚು ಹಿಡಿಯೋ ಟೇಪ್ ಅಂಟಿಸಿ, ಉಜ್ಜಿ, ಗೇಜಿನಲ್ಲಿ ಅಳೆದು, ಟೇಪಿನ ಪ್ಲಾಸ್ಟಿಕ್ಕಿನ 50 ಮೈಕ್ರಾನ್ ಕಳೆದು ಬರೆದ್ರು: 52, 67, 58, 71, 60. ರೀಡಿಂಗ್ ಅಂದ್ರೆ ಹೀಗಿರುತ್ತೆ. ಆಮೇಲೆ ಬಾಟಲಿಯಲ್ಲಿ ನೀಲಿ ನೀರು ತಂದ್ರು. ಮೈಲುತುತ್ತ! ಅಡಿಕೆ ತೋಟಕ್ಕೆ ಸುಣ್ಣದ ಜೊತೆ ಹೊಡೀತಾರಲ್ಲ, ಅದೇ. ಹತ್ತಿಯಲ್ಲಿ ಅದ್ದಿ ಮೈಗೆ ಸವರಿದ್ರು. ಬರಿ ಉಕ್ಕು ಇರೋ ಕಡೆ ತಾಮ್ರ ಕೂತು ಕೆಂಪಾಯ್ತು. ಹೋಲಿಸಿ ನೋಡೋಕೆ ಬ್ಲಾಸ್ಟ್ ಆಗದ ನಮ್ಮ ಹಳೇ ತುಂಡಿಗೂ ಸವರಿದ್ರು, ಸ್ಕೇಲಿನ ಮೇಲೆ ಕಪ್ಪು ಕಪ್ಪಾಗೇ ಉಳೀತು. ಸವರಿದ ಜಾಗ ತೊಳೆದು ಮತ್ತೆ ಬ್ಲಾಸ್ಟ್ ಹೊಡೆಸಬೇಕು, ಅದನ್ನ ಮರೀಬೇಡಿ. ಕೆಲವು ರೂಪಾಯಿಯ ಮೈಲುತುತ್ತ ಜನವರಿಯಲ್ಲಿ ನನ್ನ ಜೇಬಲ್ಲಿ ಇದ್ದಿದ್ರೆ ಸಾಕಿತ್ತು. ಪ್ರೈಮರಿಗೆ ಮುಂಚೆ ಅವನು ನನ್ನನ್ನ ಕರೆದಿದ್ರೆ ತಾನೇ ಅದೂ.

ಹಾಗಾಗಿ ಆರ್ಡರಿನಲ್ಲೇ ಬರೀರಿ, ನಮ್ಮ ಸೈನ್ ಇಲ್ಲದೆ ಪ್ರೈಮರ್ ಹೊಡೆದ್ರೆ ದುಡ್ಡಿಲ್ಲ, ಮತ್ತೆ ಬ್ಲಾಸ್ಟ್ ಮಾಡೋದು ಅವರ ಖರ್ಚು ಅಂತ. ಬಾಯಿಮಾತಲ್ಲಿ ಮೂರು ಸಲ ಹೇಳಿದ್ದಕ್ಕೆ ಬೆಲೆ ಇಲ್ಲ, ನಾನು ನೋಡಿದೆ. ನಿಮಗೆ ಹೋಗೋಕೆ ಆಗದಿದ್ರೆ ನಂಬಿಕೆಯ ಹುಡುಗನನ್ನ ಅಲ್ಲೇ ಕೂರಿಸಿ. ಹಾಗೆ ಕೂರೋದು ಬೇಡ ಅಂತ ಶೆಡ್ಡಿನವರು ಅಂದ್ರೆ ಮಾಲು ಇಳಿಸಲೇಬೇಡಿ.

ಹೆಸರು ಇಲ್ಲಿ ಬರೆಯಲ್ಲ. ಆದರೆ ಆ ಫೋಟೋ ಬೇರೆಯವರಿಗೂ ಹೋಗಿರುತ್ತೆ ಅಂತ ನನಗೆ ಖಾತ್ರಿ ಇದೆ. ಬೆಳ್ಳಗಿನ ಗಸೆಟ್ ಪ್ಲೇಟು, ಆರು ತೂತು, ಮೂಲೆಯಲ್ಲಿ ಪಂಚ್ ಮಾಡಿದ 14, ಎಡಗಡೆ ಕಂಪ್ಯಾರೇಟರ್. ನಿಮ್ಮ ಮೊಬೈಲಿಗೆ ಇದು ಬಂದಿದ್ರೆ ಉತ್ತರ ಬರೀತಾ ಕೂರಬೇಡಿ, ಗಾಡಿ ತೆಗೆದು ಈಗಲೇ ಹೊರಡಿ, ಪ್ರೈಮರ್ ಮಿಕ್ಸ್ ಮಾಡೋಕೆ ಮುಂಚೆ ಅಲ್ಲಿರಿ.