ಸಿಟೌಟಿಗೆ ಸೆಕೆಂಡ್ ಹ್ಯಾಂಡ್ ಗ್ಯಾಸ್ ಹೀಟರ್ ತರುವವರೇ, ಮೊದಲು ವಾಲಿಸಿ ನೋಡಿ

ಚಳಿಗಾಲ ಹತ್ತಿರ ಬಂದರೆ ಸಾಕು, ಕೊಡಗಿನಲ್ಲಿ ಹೋಂಸ್ಟೇ ನಡೆಸುವ ನಮ್ಮಂಥವರಿಗೆ ಫೋನು ಶುರುವಾಗುತ್ತದೆ. 'ಸಾರ್, ದೊಡ್ಡ ಹೋಟೆಲಿನಿಂದ ಬಂದ ಗ್ಯಾಸ್ ಹೀಟರ್ ಇದೆ. ರೀಕಂಡಿಷನ್ ಮಾಡಿದ್ದೇವೆ. ಅರ್ಧ ರೇಟು.' ನೀವೂ ನೋಡಿರುತ್ತೀರಿ. ಏಳಡಿ ಎತ್ತರದ ಸ್ಟೀಲ್ ಕಂಬ, ಮೇಲೆ ಅಣಬೆಯಂಥ ತಲೆ, ಕೆಳಗಿನ ಡಬ್ಬದೊಳಗೆ ಸಿಲಿಂಡರ್. ಮಡಿಕೇರಿ ಹತ್ತಿರದ ನಮ್ಮ ಮನೆಗೆ ಕಳೆದ ವರ್ಷ ಬೆಂಗಳೂರಿನ ಒಬ್ಬ ವ್ಯಾಪಾರಿ ಇಂಥದ್ದೊಂದನ್ನು ಕಳಿಸಿದ. ಹೆಸರು ಬೇಡ ಬಿಡಿ.

ಅವನ ಹುಡುಗನೇ ಬಂದು ಜೋಡಿಸಿದ. ಮೊದಲು ಮಾಮೂಲಿ ರೆಗ್ಯುಲೇಟರ್ ಹಾಕಿದ. ಉರಿ ಸರಿಯಾಗಿ ಏಳಲಿಲ್ಲ. ಆಗ ಬ್ಯಾಗಿನಿಂದ ಕ್ಯಾಂಟೀನಿನ ದೊಡ್ಡ ಒಲೆಗೆ ಹಾಕುವ ಹೈ ಪ್ರೆಶರ್ ರೆಗ್ಯುಲೇಟರ್ ತೆಗೆದ. 'ಇಲ್ಲಿ ಚಳಿ ಜಾಸ್ತಿ ಅಲ್ವಾ ಸಾರ್, ಇದೇ ಬೇಕು' ಅಂದ. ಉರಿ ಭರ್ರನೆ ಎದ್ದಿತು.

ಆ ಮಾತು ಪೂರ್ತಿ ಸುಳ್ಳು. ಹೀಟರ್ ಯಾವ ಒತ್ತಡಕ್ಕೆ ಮಾಡಿದ್ದು ಅಂತ ಅದರ ಪ್ಲೇಟಿನ ಮೇಲೆಯೇ ಬರೆದಿರುತ್ತದೆ. ನಮ್ಮದರ ಮೇಲೆ 30 ಮಿಲಿಬಾರ್ ಎಂದಿತ್ತು. ಮನೆ ಒಲೆಯ ರೆಗ್ಯುಲೇಟರ್ ಕೊಡುವುದೂ ಸುಮಾರು ಅಷ್ಟೇ. ಉರಿ ಏಳದೇ ಇದ್ದದ್ದಕ್ಕೆ ಕಾರಣ ಬೇರೆ. ಬರ್ನರಿನ ಕೊಳವೆಯಲ್ಲಿ ಜೇಡ ಗೂಡು ಕಟ್ಟಿತ್ತು. ಮಳೆಗಾಲವಿಡೀ ಮೂಲೆಯಲ್ಲಿ ನಿಂತ ಹೀಟರಿಗೆ ಇದು ಮಾಮೂಲಿ ಕಾಯಿಲೆ. ಗೂಡು ತೆಗೆಯುವ ಬದಲು ಆ ಹುಡುಗ ಗ್ಯಾಸನ್ನೇ ಜೋರಾಗಿ ನುಗ್ಗಿಸಿದ.

ಇದೆಲ್ಲ ಗೊತ್ತಾಗಿದ್ದು ಹೀಟರ್ ಬಿದ್ದ ಮೇಲೆ. ಒಂದು ಸಂಜೆ ಅತಿಥಿಗಳ ನಾಯಿ ಬೆಲ್ಟ್ ಸಮೇತ ಓಡಿತು. ಬೆಲ್ಟ್ ಕಂಬಕ್ಕೆ ಸುತ್ತಿಕೊಂಡು ಹೀಟರ್ ಮಗುಚಿತು. ಬಿದ್ದರೂ ಉರಿಯುತ್ತಲೇ ಇತ್ತು! ಸಿಲಿಂಡರ್ ಅಡ್ಡ ಬಿದ್ದರೆ ಆವಿಯ ಬದಲು ಒಳಗಿನ ದ್ರವವೇ ಪೈಪಿಗೆ ಬರಬಹುದು. ಆಗ ಉರಿ ಎಷ್ಟು ದೊಡ್ಡದಾಗುತ್ತದೆ ಅಂತ ಹೇಳಲಾಗದು. ನಮ್ಮ ಅಡುಗೆಯವರು ಓಡಿ ಹೋಗಿ ಸಿಲಿಂಡರ್ ಬಂದ್ ಮಾಡಿದರು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ.

ಇಂಥ ಹೀಟರಿನಲ್ಲಿ ಟಿಲ್ಟ್ ಸ್ವಿಚ್ ಅಂತ ಇರುತ್ತದೆ. ಕಂಬ ವಾಲಿದ ಕೂಡಲೇ ಗ್ಯಾಸ್ ನಿಲ್ಲಿಸುವುದು ಅದರ ಕೆಲಸ. ಮರುದಿನ ಸ್ಟವ್ ರಿಪೇರಿಯವರು ಬಂದು ಬಿಚ್ಚಿದರೆ ಸ್ವಿಚ್ಚೇ ಇಲ್ಲ. ಅದರ ಎರಡು ವೈರುಗಳನ್ನು ಒಂದಕ್ಕೊಂದು ಹೆಣೆದು ಕಪ್ಪು ಟೇಪ್ ಸುತ್ತಿದ್ದರು. ಸ್ವಿಚ್ ಕೆಟ್ಟರೆ ಹೀಟರ್ ಸುಮ್ಸುಮ್ನೆ ಆರುತ್ತದಂತೆ. ಹೊಸದು ಹಾಕಿದರೆ ಖರ್ಚು. ಕಿತ್ತು ಹಾಕಿದರೆ ಖರ್ಚಿಲ್ಲ. ಹೊರಗಿನ ಸ್ಟೀಲಿಗೆ ಮಾತ್ರ ಚೆನ್ನಾಗಿ ಪಾಲಿಶ್ ಹೊಡೆದಿದ್ದರು.

ಹಾಗಾಗಿ ಫೋಟೋ ನೋಡಿ ಅಡ್ವಾನ್ಸ್ ಹಾಕಬೇಡಿ. ಅಂಗಡಿಯ ಹೊರಗೆ, ಬಯಲಿನಲ್ಲಿ ಹಚ್ಚಿಸಿ. ಅವರ ಕೈಯಲ್ಲೇ ಕಂಬವನ್ನು ನಿಧಾನವಾಗಿ ವಾಲಿಸಿ. ಉರಿ ಆರಲೇಬೇಕು. ಮತ್ತೆ ಹಚ್ಚಿಸಿ, ಈ ಸಲ ಸಿಲಿಂಡರ್ ಬಂದ್ ಮಾಡಿಸಿ. ಉರಿ ಆರಿದ ಮೇಲೆ ಒಂದು ನಿಮಿಷದೊಳಗೆ ನಾಬಿನ ಹತ್ತಿರ 'ಟಕ್' ಅಂತ ಸದ್ದು ಬರಬೇಕು. ಗಾಳಿಗೆ ಉರಿ ಆರಿದರೆ ಗ್ಯಾಸ್ ತಾನಾಗಿ ನಿಲ್ಲುತ್ತದೆ ಅನ್ನುವುದಕ್ಕೆ ಅದೇ ಗುರುತು. 'ಅದೆಲ್ಲ ಬೇಡ ಸಾರ್, ಗ್ಯಾರಂಟಿ ಮಾಲು' ಅಂದರೆ ಎದ್ದು ಬನ್ನಿ.

ನಮಗೆ ಹೀಟರ್ ಕಳಿಸಿದ ವ್ಯಾಪಾರಿ ಹೇಳಿದ ಇನ್ನೊಂದು ಮಾತು ಇದಕ್ಕಿಂತ ಅಪಾಯದ್ದು. 'ಗಾಳಿ ಬಂದರೆ ಟಾರ್ಪಾಲು ಇಳಿಸಿ, ಒಳಗೆ ಬೆಚ್ಚಗಿರುತ್ತದೆ.' ಖಂಡಿತ ಮಾಡಬೇಡಿ. ಮುಚ್ಚಿದ ಜಾಗದಲ್ಲಿ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಯುರೋಪಿನ ಹೀಟರುಗಳ ಕೈಪಿಡಿಯಲ್ಲಿ ಸುತ್ತಲಿನ ಗೋಡೆಯ ಕನಿಷ್ಠ 25% ತೆರೆದಿರಬೇಕು ಅಂತ ಬರೆದಿರುತ್ತದೆ. ಮೂರು ಕಡೆ ಗೋಡೆ ಇದ್ದು ನಾಲ್ಕನೆಯ ಕಡೆ ಟಾರ್ಪಾಲು ಇಳಿಸಿದರೆ ಅದು ಕೋಣೆಯೇ ತಾನೇ? ಎಲ್‌ಪಿಜಿ ಗಾಳಿಗಿಂತ ಭಾರ ಬೇರೆ. ಸೋರಿದರೆ ನೆಲದಲ್ಲೇ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ.

'ಒಂದು ಸಿಲಿಂಡರ್ ಸೀಸನ್ ಪೂರ್ತಿ ಬರುತ್ತದೆ' ಅಂತಲೂ ಹೇಳಿದ್ದ. 13 ಕಿಲೋವ್ಯಾಟಿನ ಹೀಟರ್ ಪೂರ್ತಿ ಉರಿಯಲ್ಲಿ ಗಂಟೆಗೆ ಹತ್ತಿರ ಹತ್ತಿರ 1 ಕೆಜಿ ಗ್ಯಾಸ್ ತಿನ್ನುತ್ತದೆ. 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ನಾಲ್ಕೈದು ಸಂಜೆಗೆ ಖಾಲಿ. ಅಷ್ಟು ಖರ್ಚು ಮಾಡಿದರೂ ತಲೆ ಬಿಸಿ, ಕಾಲು ತಣ್ಣಗೆ. ನಮ್ಮ ಸೌದೆ ಬೆಂಕಿಯೇ ವಾಸಿ ಅಂತ ನನ್ನ ಹೆಂಡತಿ ಮೊದಲ ದಿನವೇ ಅಂದಿದ್ದಳು.

ಫೋನ್ ಮಾಡಿ ಕೇಳಿದರೆ ವ್ಯಾಪಾರಿ ದುಡ್ಡು ವಾಪಸ್ ಕೊಡುವುದಿಲ್ಲ ಅಂದ. ಬೇಕಾದರೆ ಅರ್ಧಕ್ಕೆ ತಗೊಳ್ತೀನಿ ಅಂದ. ಅದೇ ಟೇಪ್ ಸುತ್ತಿದ ವೈರಿನ ಸಮೇತ ಇನ್ನೊಬ್ಬರ ಸಿಟೌಟಿಗೆ ಹೋಗುತ್ತಿತ್ತು. ಕೊಡಲಿಲ್ಲ. ರಿಪೇರಿಯವರ ಹತ್ತಿರ ವಾಲ್ವ್ ಒಡೆಸಿ, ಬರ್ನರ್ ಜಜ್ಜಿಸಿ, ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿದೆ.