ಕಾಫಿ ತೋಟದ ಕತ್ತಲಿಗೆ ನಿಕಾನ್ 200-500 ಲೆನ್ಸ್ ಸಾಕಾ?

ಕೂತ ಹಕ್ಕಿಗೆ ಸಾಕು, ಕುಣಿಯುವ ಹಕ್ಕಿಗೆ ಸಾಲದು. ಮೂರು ಮಳೆಗಾಲ ಈ ಲೆನ್ಸ್ ಹೊತ್ತು ತಿರುಗಿದವನ ಮಾತು ಇಷ್ಟೇ. ಪುರುಸೊತ್ತಿದ್ದವರು ಮುಂದೆ ಓದಿ.

ನಮ್ಮ ತೋಟ ಕೊಡಗಿನ ಕಕ್ಕಬ್ಬೆ ಹತ್ತಿರ, ತಡಿಯಂಡಮೋಳ್ ಬೆಟ್ಟದ ಮಗ್ಗುಲಲ್ಲಿ. ಬೇಲಿ ದಾಟಿದರೆ ದೇವರಕಾಡು. ಮರ ಕಪಾತು ಎಷ್ಟೇ ಮಾಡಿಸಿದರೂ ಜೂನ್ ಬಂತೆಂದರೆ ಬೆಳಗ್ಗೆ ಎಂಟಕ್ಕೂ ಕಾಫಿ ಗಿಡದ ಕೆಳಗೆ ಮುಸ್ಸಂಜೆ. ಬಯಲುಸೀಮೆಯ ಗೆಳೆಯರು ಕೆರೆಯಂಚಲ್ಲಿ ಕೂತು ಐಎಸ್‌ಒ 400ರಲ್ಲಿ ಮಿಂಚುಳ್ಳಿ ತೆಗೆಯುತ್ತಾರೆ. ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕನ್ನು ಎಷ್ಟು ಹಿಗ್ಗಿಸುತ್ತದೆ ಎಂಬ ಲೆಕ್ಕ; ಏರಿಸಿದಷ್ಟೂ ಚಿತ್ರದಲ್ಲಿ ಕಾಳು ಜಾಸ್ತಿ. ನಾನು 6400ರಿಂದ ಕೆಳಗಿಳಿದದ್ದೇ ಅಪರೂಪ. ಬಿಸಿಲಲ್ಲಿ ನಿಂತು ಬರೆದ ವಿಮರ್ಶೆಗಳು ಹಾಗಾಗಿ ನನ್ನ ಕೆಲಸಕ್ಕೆ ಬರಲಿಲ್ಲ.

ಲೆನ್ಸ್ ಮಾರುಕಟ್ಟೆಗೆ ಬಂದದ್ದು 2015ರಲ್ಲಿ. ನನ್ನದು ಸೆಕೆಂಡ್‌ಹ್ಯಾಂಡ್, ಹಿಂದೆ ಡಿ500 ಕ್ಯಾಮೆರಾ. ಲೆನ್ಸೇ 2.3 ಕೆಜಿ, ಕ್ಯಾಮೆರಾ ಸೇರಿದರೆ ಮೂರು ದಾಟುತ್ತದೆ. ಕುತ್ತಿಗೆಗೆ ನೇತುಹಾಕಿಕೊಳ್ಳುವ ಆಸೆ ಬಿಡಿ. ಹೆಗಲ ಮೇಲಿಟ್ಟುಕೊಂಡು ಹೊರಟ ಮೊದಲ ದಿನವೇ ತೋಟದ ರೈಟರ್, "ಕೋವಿ ತಕೊಂಡು ಎಲ್ಲಿಗೆ, ಹಂದಿ ಬಂತಾ?" ಅಂದ.

ಇದರ ಒಳ್ಳೆಯ ಗುಣ, ಝೂಮ್ 200ರಿಂದ 500 ಎಂಎಂವರೆಗೂ ಅಪರ್ಚರ್, ಅಂದರೆ ಬೆಳಕು ಬಿಡುವ ಕಿಂಡಿ, ಎಫ್ 5.6ರಲ್ಲೇ ನಿಲ್ಲುತ್ತದೆ. ಎಫ್ 4ರ 500 ಎಂಎಂ ಲೆನ್ಸ್ ಇದರ ಎರಡರಷ್ಟು ಬೆಳಕು ಒಳಬಿಡುತ್ತದೆ ನಿಜ, ಆದರೆ ಆ ದುಡ್ಡಿಗೆ ಒಂದು ಹಳೇ ಜೀಪು ಬಂದೀತು. ಕೊರತೆ ತುಂಬುವುದು ವಿಆರ್, ಅಂದರೆ ಕೈನಡುಕ ತಡೆಯುವ ವ್ಯವಸ್ಥೆ. ಡಿ500ರ ಸೆನ್ಸರ್ ಚಿಕ್ಕದು, ಅದರಲ್ಲಿ 500 ಎಂಎಂ ಎಂದರೆ 750ರ ನೋಟ. ಎಂಎಂ ಎಷ್ಟೋ, ಸೆಕೆಂಡಿನ ಅಷ್ಟನೇ ಒಂದು ಪಾಲು ಮಾತ್ರ ಶಟರ್ ತೆರೆದಿರಲಿ ಎಂಬ ಹಳೇ ಲೆಕ್ಕದಲ್ಲಿ 1/750 ಸೆಕೆಂಡ್ ಬೇಕು. ನಾನು 1/60ರಲ್ಲಿ ತೆಗೆಯುತ್ತೇನೆ.

ಹೋದ ಜುಲೈಯಲ್ಲಿ ಸಿಕ್ಕ ಕಾಕರಣೆ ಹಕ್ಕಿಯನ್ನೇ ತಗೊಳ್ಳಿ. ಗಂಡು. ಕರೀ ತಲೆ, ಎದೆಗೊಂದು ಬಿಳಿ ಪಟ್ಟಿ, ಕೆಳಗೆಲ್ಲ ಕಡುಕೆಂಪು. ಎಂದಿನಂತೆ ನನಗೆ ಬೆನ್ನು ಹಾಕಿ ಕೂತು, ಕತ್ತು ಮಾತ್ರ ತಿರುಗಿಸಿತು. ಹಾಲುವಾಣದ ಬುಡಕ್ಕೆ ಒರಗಿ, ಮೊಣಕಾಲ ಮೇಲೆ ಲೆನ್ಸಿಟ್ಟು, ಉಸಿರು ಬಿಡುತ್ತ ನಾಲ್ಕು ನಾಲ್ಕು ಫ್ರೇಮಿನ ಗೊಂಚಲು ತೆಗೆದೆ. ಸಾಕ್ಸ್ ಒಳಗೆ ಜಿಗಣೆ ಹತ್ತಿದ್ದು ಗೊತ್ತಾಗುತ್ತಿತ್ತು, ಅಲ್ಲಾಡುವಂತಿಲ್ಲ. ಇಪ್ಪತ್ತರಲ್ಲಿ ಐದು ಚೂಪಾಗಿ ಬಂದವು. ನನಗೆ ಅದು ಧಾರಾಳ.

ಅದೇ ದಿನ ತೋಡಿನ ಬಂಡೆ ಮೇಲೆ ನೀಲಿ ಹಕ್ಕಿ ಸಿಳ್ಳಾರ ಬಂತು. ಅದು ಒಂದು ಗಳಿಗೆ ನಿಲ್ಲುವ ಜೀವವಲ್ಲ. 1/60ರಲ್ಲಿ ಬಂದದ್ದು ಬಂಡೆಗೆ ನೀಲಿ ಬಳಿದ ಹಾಗಿನ ಚಿತ್ರ. ಅದನ್ನು ಹಿಡಿಯಲು 1/500 ಬೇಕು, ಆಗ ಐಎಸ್‌ಒ 51200ಕ್ಕೆ ಏರುತ್ತದೆ. ಆ ಫೋಟೊ ನೋಡಿದ ಮಗಳು ಕೇಳಿದ್ದು, ರವೆ ಚೆಲ್ಲಿದೆಯಾ ಅಂತ.

ಝೂಮ್ ರಿಂಗ್ ತಿರುಗಿಸಲು ಎರಡು ಸಲ ಕೈ ಬದಲಿಸಬೇಕು. ನಾನು 500ರಲ್ಲೇ ಬಿಟ್ಟಿರುತ್ತೇನೆ. ಮಳೆಗೆ ಗೊಬ್ಬರದ ಚೀಲದ ಒಳಪ್ಲಾಸ್ಟಿಕ್ಕೇ ರೇನ್‌ಕೋಟು.

ಇನ್ನು ಎಡಿಟಿಂಗ್. ರಾ ಫೈಲಲ್ಲೇ, ಅಂದರೆ ಕ್ಯಾಮೆರಾ ಅಡುಗೆ ಮಾಡದ ಹಸಿ ಫೈಲಲ್ಲೇ ತೆಗೆಯಿರಿ, ಇಲ್ಲದಿದ್ದರೆ ಈ ಕತ್ತಲಲ್ಲಿ ಏನೂ ಉಳಿಯದು. ಎಲೆ ಸೋಸಿ ಬಂದ ಬೆಳಕಿನಲ್ಲಿ ಎಲ್ಲಕ್ಕೂ ಹಸಿರು ಛಾಯೆ ಹತ್ತುತ್ತದೆ. ವೈಟ್ ಬ್ಯಾಲೆನ್ಸಿಗೆ, ಅಂದರೆ ಬಿಳಿ ಬಿಳಿಯಾಗಿಯೇ ಕಾಣಲು, ನಾನು ಕಾಕರಣೆಯ ಎದೆಪಟ್ಟಿಯ ಮೇಲೇ ಕ್ಲಿಕ್ ಮಾಡುತ್ತೇನೆ, ಆಮೇಲೆ ಒಂದಿಷ್ಟು ಹಸಿರು ವಾಪಸ್ ಕೊಡುತ್ತೇನೆ. ಪೂರ್ತಿ ತೊಳೆದರೆ ಹಕ್ಕಿ ಸ್ಟುಡಿಯೋದಲ್ಲಿ ಕೂತಂತೆ ಕಾಣುತ್ತದೆ. ಕೆಂಪನ್ನೂ ಎಳೆಯಬೇಡಿ. ಸ್ಯಾಚುರೇಶನ್ ಸ್ವಲ್ಪ ಜಾಸ್ತಿಯಾದರೂ ಹೊಟ್ಟೆಯ ಗರಿಗೆರೆಗಳೆಲ್ಲ ಅಳಿಸಿ ಕುಂಕುಮದ ಗುಡ್ಡೆ.

ನಾಯ್ಸ್, ಅಂದರೆ ಆ ಕಾಳು, ತೆಗೆಯಲು ಲೈಟ್‌ರೂಮ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿಗೆ 2023ರಲ್ಲಿ ಬಂದ ಎಐ ಡಿನಾಯ್ಸ್ ಬಳಸುತ್ತೇನೆ. ಸ್ಲೈಡರ್ ಮೊದಲಿಗೆ 50ರಲ್ಲಿರುತ್ತದೆ. ಶುರುವಿನಲ್ಲಿ ಹುರುಪಿಗೆ 70ಕ್ಕೆ ಎಳೆದು, ಗಂಡಿನ ರೆಕ್ಕೆ ಮೇಲಿನ ಸಣ್ಣ ಕಪ್ಪು-ಬಿಳುಪು ಗೀರುಗಳನ್ನೆಲ್ಲ ಮೇಣದಂತೆ ಕರಗಿಸಿಬಿಟ್ಟೆ. ಈಗ 30 ದಾಟುವುದಿಲ್ಲ, ಹಿನ್ನೆಲೆಯಲ್ಲಿ ಒಂಚೂರು ಕಾಳು ಉಳಿದರೆ ಉಳಿಯಲಿ. ಶಾರ್ಪನಿಂಗ್ ಹಕ್ಕಿಗಷ್ಟೇ ತಾಗುವಂತೆ ಮಾಸ್ಕ್ ಹಾಕಿ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಒಂದು ಫೋಟೊ ಮುಗಿಯುವಷ್ಟರಲ್ಲಿ ಒಂದು ಸಾಲು ಒಳ್ಳೆಮೆಣಸಿನ ಬಳ್ಳಿ ನೋಡಿಬರಬಹುದು. ಸಿಳ್ಳಾರದ ಆ ನೀಲಿ ಚಿತ್ರಕ್ಕೆ ಮಾತ್ರ ಯಾವ ಸ್ಲೈಡರೂ ಏನೂ ಮಾಡಲಿಲ್ಲ. ಕದಲಿದ್ದು ಕದಲಿದ್ದೇ.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಒಂದು ಟಾರ್ಚ್ ಒಯ್ಯಿರಿ. ಎರಡೂ ಕಡೆಯ ಮುಚ್ಚಳ ತೆಗೆದು ಹಿಂದಿನಿಂದ ಬೆಳಕು ಬಿಟ್ಟು, ಮುಂದಿನ ಗಾಜಿನ ಅಂಚಲ್ಲಿ ಜೇಡನ ಬಲೆಯಂಥ ಎಳೆ ಇದೆಯಾ ನೋಡಿ. ಅದು ಬೂಷ್ಟು. ಕೊಡಗಿನ ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೆ ಹತ್ತುವುದು ಗಾಜಿಗೂ ಹತ್ತುತ್ತದೆ. ನನ್ನದೀಗ ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮಲಗುತ್ತದೆ. ಆದರೂ ಒಳಗೊಂದು ಎಳೆ ಇದೆ. ಮಾರಿದವನ ಮನೆಯಿಂದಲೇ ಬಂತೋ, ನಮ್ಮ ಬೀರುವಿನಲ್ಲಿ ಹುಟ್ಟಿತೋ, ಜಗಳ ಆಡಲು ನನ್ನ ಹತ್ತಿರ ಸಾಕ್ಷಿಯಿಲ್ಲ. ಅವತ್ತು ನಾನು ಟಾರ್ಚ್ ಒಯ್ದಿರಲಿಲ್ಲ.