ಕಾರವಾರದ ಮಳೆಗೆ ಯಾವ ಡೋರ್ ಬೀಡಿಂಗ್: ಕಂಪನಿಯದಾ, ಮೀಟರ್ ಲೆಕ್ಕದ್ದಾ?

ಅಂಕೋಲಾ ದಾಟಿ ಹೈವೇ 66ರಲ್ಲಿ ವೇಗ ಹಿಡಿದ ಕೂಡಲೇ ಕಾರಿನ ಬಾಗಿಲ ಸಂದಿಯಿಂದ ಸುಂಯ್ ಅನ್ನುತ್ತಿದೆಯಾ? ಸುಮ್ನೆ ದುಡ್ಡು ಹಾಕುವ ಮೊದಲು ಹತ್ತು ರೂಪಾಯಿ ನೋಟನ್ನು ಸಂದಿಗೆ ಸಿಕ್ಕಿಸಿ, ಬಾಗಿಲು ಹಾಕಿ, ನಿಧಾನ ಎಳೆಯಿರಿ. ಬಿಗಿಯಾಗಿ ಬಂದರೆ ಅಲ್ಲಿ ಬೀಡಿಂಗ್, ಅಂದರೆ ಬಾಗಿಲ ಸುತ್ತಿನ ರಬ್ಬರ್ ಪಟ್ಟಿ, ಸರಿ ಇದೆ. ಸಲೀಸಾಗಿ ಜಾರಿದರೆ ಗಾಳಿಯ ದಾರಿ ಅದೇ. ರಬ್ಬರ್ ಇನ್ನೂ ಮೆತ್ತಗಿದ್ದು ಬಾಗಿಲು ಮಾತ್ರ ಸಡಿಲ ಅಂದರೆ ಹೊಸ ಬೀಡಿಂಗ್ ಬೇಡ. ಲಾಕ್ ಕಚ್ಚುವ ಕೊಂಡಿಯನ್ನು ಚೂರು ಒಳಗೆ ಸರಿಸಿದರೆ ಸಾಕು.

ರಬ್ಬರ್ ಚಪ್ಪಟೆಯಾಗಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಿಸಲೇಬೇಕು. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವುದು ಅಗ್ಗ, ಕೈಗೆ ಬೇಗ ಸಿಗುತ್ತದೆ. ಆದರೆ ಮೂಲೆಯಲ್ಲಿ ಮಡಚಿಕೊಳ್ಳುತ್ತದೆ, ದಪ್ಪ ಜಾಸ್ತಿಯಾದರೆ ಬಾಗಿಲನ್ನು ಬಡಿದೇ ಹಾಕಬೇಕು. ಕತ್ತರಿಸಿದ ತುದಿಯಲ್ಲಿ ಒಳಗಿನ ತಗಡು ಹೊರಗೆ ಕಾಣುತ್ತದೆ. ಕಡಲ ಉಪ್ಪುಗಾಳಿಗೆ ಅಷ್ಟು ಸಾಕು, ತುಕ್ಕು ಶುರು. ಕಾರು ಕಂಪನಿಯದು ದುಬಾರಿ, ತರಿಸಲು ಕಾಯಬೇಕು, ಆದರೆ ಆ ಬಾಗಿಲ ಅಳತೆಗೇ ಮಾಡಿದ್ದು. ಕರಾವಳಿಯವರು ಮುಂದಿನ ಬಾಗಿಲಿಗಾದರೂ ಅದನ್ನೇ ಹಾಕಿಸಿ. ಶಿರಸಿ ಕಡೆಯ ಹಳೇ ಗಾಡಿಯ ಡಿಕ್ಕಿಗೆ ಮೀಟರ್‌ನದ್ದು ನಡೆಯುತ್ತದೆ. ಯಾವುದಾದರೂ ಸರಿ, ಗ್ರೀಸ್ ಹಚ್ಚಬೇಡಿ, ರಬ್ಬರ್ ಉಬ್ಬುತ್ತದೆ. ಸಿಲಿಕಾನ್ ಸ್ಪ್ರೇ ಸಾಕು.

ಸದ್ದು ಎಸಿ ಫ್ಯಾನಿನದ್ದೂ ಇರಬಹುದು ಅಲ್ವಾ? ಗಾಡಿ ನಿಲ್ಲಿಸಿಯೇ ಫ್ಯಾನಿನ ವೇಗ ಒಂದೊಂದೇ ಏರಿಸಿ. ಟಕಟಕ ಅಂದರೆ ಒಳಗೆ ಎಲೆ ಬಿದ್ದಿರಬಹುದು, ಫಿಲ್ಟರ್ ತೆಗೆದು ನೋಡಿ. ಕಿರ್ರ್ ಅಂದರೆ ಫ್ಯಾನ್ ಮೋಟರಿನ ಬುಷ್ (ತಿರುಗುವ ಕಡ್ಡಿಯನ್ನು ಹಿಡಿಯುವ ಬಳೆ) ಸವೆದಿರಬಹುದು. ಎಣ್ಣೆ ಬಿಟ್ಟರೆ ನಾಲ್ಕು ದಿನ ಸುಮ್ಮನಿರುತ್ತದೆ, ಅಷ್ಟೇ. ಮೋಟರ್ ಬದಲಿಸುವುದೇ ವಾಸಿ.